ಸೂಪರ್‌ಚಾರ್ಜರ್ ಕಾರಿಗೆ ದೊಡ್ಡ ಏರ್‌ಫ್ಲೋ ಸೆನ್ಸರ್: ಚಿಕ್ಕಮಗಳೂರಲ್ಲಿ ಹಾಕಿ, ಮಂಗಳೂರಿಗೆ ಲೆಕ್ಕ ಹಾಕಿ

"ಸೂಪರ್‌ಚಾರ್ಜರ್‌ಗೆ ಚಿಕ್ಕ ಪುಲ್ಲಿ ಹಾಕಿಸಿದೆ. ಊರಲ್ಲಿ ಚೆನ್ನಾಗೇ ಓಡುತ್ತೆ. ಘಟ್ಟ ಇಳಿದ ಮೇಲೆ ಜೋರಾಗಿ ತುಳಿದರೆ ಇಂಜಿನ್ ಟಕಟಕ ಅನ್ನುತ್ತೆ, ಯಾಕೆ?" ಈ ಪ್ರಶ್ನೆಯನ್ನು ಬೇರೆ ಬೇರೆ ಮಾತಲ್ಲಿ ಎಷ್ಟು ಜನ ಕೇಳಿದ್ದಾರೋ ಲೆಕ್ಕ ಇಟ್ಟಿಲ್ಲ. ಸೂಪರ್‌ಚಾರ್ಜರ್ ಅಂದರೆ ಇಂಜಿನ್ನೇ ಬೆಲ್ಟಿನಿಂದ ತಿರುಗಿಸುವ, ಗಾಳಿಯನ್ನು ಒತ್ತಿ ತುಂಬುವ ಪಂಪ್. ಪುಲ್ಲಿ ಚಿಕ್ಕದಾದರೆ ಅದು ಇನ್ನೂ ಜೋರಾಗಿ ತಿರುಗಿ ಜಾಸ್ತಿ ಗಾಳಿ ತುಂಬುತ್ತೆ. ಹಳೇ ಮರ್ಸಿಡಿಸ್ ಸಿ 200 ಕಂಪ್ರೆಸರ್ ಕಾರು ಇಟ್ಟುಕೊಂಡವರು ಕೇಳುತ್ತಾರೆ, ಹೊರಗಿಂದ ಸೂಪರ್‌ಚಾರ್ಜರ್ ಕಿಟ್ ಹಾಕಿಸಿದವರೂ ಕೇಳುತ್ತಾರೆ. ಕೇಳಿದವರಲ್ಲಿ ಅರ್ಧ ಜನ ಆಗಲೇ ದೊಡ್ಡ ಸೆನ್ಸರ್ ಒಂದನ್ನು ಕೊಂಡು ಕೈಯಲ್ಲಿ ಹಿಡಿದಿರುತ್ತಾರೆ. ಅದಕ್ಕೇ ಒಂದು ಸಲ ಪೂರ್ತಿ ಬರೆದುಬಿಡೋಣ ಅನ್ನಿಸಿತು.

ಮೊದಲು ಈ ಸೆನ್ಸರ್ ಏನು ಮಾಡುತ್ತೆ ಅಂತ ತಿಳಿದುಕೊಳ್ಳಿ. ಏರ್ ಫಿಲ್ಟರ್ ದಾಟಿದ ಮೇಲೆ ಒಂದು ಪ್ಲಾಸ್ಟಿಕ್ ಕೊಳವೆ ಇರುತ್ತೆ. ಅದರೊಳಗೆ ಕೂದಲಿನಷ್ಟು ತೆಳ್ಳಗಿನ ತಂತಿ ಅಥವಾ ಪುಟ್ಟ ಪದರ. ಅದನ್ನು ಕರೆಂಟ್ ಕೊಟ್ಟು ಬಿಸಿ ಇಟ್ಟಿರುತ್ತಾರೆ. ಬಿಸಿ ಕಾಫಿಗೆ ಊದಿದರೆ ಆರುತ್ತಲ್ಲ, ಹಾಗೇ ಹಾದುಹೋಗುವ ಗಾಳಿ ಅದನ್ನು ತಣಿಸುತ್ತೆ. ಮತ್ತೆ ಬಿಸಿ ಮಾಡಲು ಎಷ್ಟು ಕರೆಂಟ್ ಬೇಕಾಯಿತು ಅನ್ನುವುದೇ ಅಳತೆ. ಅದು ಸಾಮಾನ್ಯವಾಗಿ 0ಯಿಂದ 5 ವೋಲ್ಟ್ ಒಳಗಿನ ಸಿಗ್ನಲ್ ಆಗಿ ಇಸಿಯುಗೆ, ಅಂದರೆ ಇಂಜಿನ್ನಿನ ಕಂಪ್ಯೂಟರ್‌ಗೆ ಹೋಗುತ್ತೆ. ಇಷ್ಟು ಗಾಳಿಗೆ ಇಷ್ಟು ಪೆಟ್ರೋಲ್ ಅಂತ ಇಸಿಯು ತೀರ್ಮಾನಿಸುವುದು ಇದನ್ನು ನೋಡಿಯೇ. ಒಂದು ಮಾತು ನೆನಪಿಡಿ: ಇದು ಅಳೆಯುವುದು ಗಾಳಿಯ ತೂಕವನ್ನು, ಗಾತ್ರವನ್ನಲ್ಲ. ಗ್ಯಾರೇಜಲ್ಲಿ ಇದಕ್ಕೆ ಮಾಫ್ ಅಂತಾರೆ. ಇಲ್ಲೂ ಹಾಗೇ ಕರೆಯುತ್ತೇನೆ.

ಈಗ ಸಮಸ್ಯೆ. ಕಾಫಿ ಚೀಲ ತೂಗುವ ತಕ್ಕಡಿ 50 ಕೆಜಿಗೆ ಮುಗಿಯುತ್ತೆ ಅಂತಿಟ್ಟುಕೊಳ್ಳಿ. ಅದರ ಮೇಲೆ 60 ಕೆಜಿ ಇಟ್ಟರೂ ಮುಳ್ಳು 50ರಲ್ಲೇ ನಿಲ್ಲುತ್ತೆ. ಮಾಫ್ ಕೂಡ ಹಾಗೇ. ಸೂಪರ್‌ಚಾರ್ಜರ್ ಜಾಸ್ತಿ ಗಾಳಿ ಎಳೆದಾಗ ಸಿಗ್ನಲ್ 5 ವೋಲ್ಟ್ ಹತ್ತಿರ ಹೋಗಿ ಕೂತುಬಿಡುತ್ತೆ. ಗಾಳಿ ಇನ್ನೂ ಏರುತ್ತಿದ್ದರೂ ಇಸಿಯುಗೆ ಗೊತ್ತಾಗುವುದಿಲ್ಲ. ಪೆಟ್ರೋಲ್ ಕಡಿಮೆ ಬೀಳುತ್ತೆ. ಇದನ್ನೇ ಲೀನ್ ಆಗುವುದು ಅನ್ನುವುದು. ಬೂಸ್ಟ್ ಇರುವಾಗ, ಅಂದರೆ ಗಾಳಿಯನ್ನು ಒತ್ತಿ ತುಂಬುತ್ತಿರುವಾಗ ಲೀನ್ ಆದರೆ ಇಂಜಿನ್ ಟಕಟಕ ಅನ್ನುತ್ತೆ, ಪಿಸ್ಟನ್ನಿಗೆ ಸಂಚಕಾರ.

ಇದಕ್ಕೆ ಪರಿಹಾರ ಜಾಸ್ತಿ ಗಾಳಿ ತೂಗಬಲ್ಲ ದೊಡ್ಡ ಮಾಫ್. ಈ ಕೆಲಸ ಯಾರು ಮಾಡಬಾರದು ಅಂತಲೂ ಹೇಳಿಬಿಡುತ್ತೇನೆ. ನಿಮ್ಮ ಇಸಿಯು ಮ್ಯಾಪ್, ಅಂದರೆ ಅದರೊಳಗಿನ ಲೆಕ್ಕದ ಪಟ್ಟಿಗಳನ್ನು ತೆರೆದು ತಿದ್ದುವವರು ಕೈಗೆ ಸಿಗದಿದ್ದರೆ ಮಾಡಬೇಡಿ. ಸೆನ್ಸರ್ ಬಿಚ್ಚಿ ಹಾಕುವುದು ಅರ್ಧ ಗಂಟೆ ಕೆಲಸ. ಹೊಸ ಸೆನ್ಸರಿನ ಭಾಷೆಯನ್ನು ಇಸಿಯುಗೆ ಕಲಿಸುವುದೇ ನಿಜವಾದ ಕೆಲಸ.

ಬೇಕಾಗುವ ಸಾಮಾನು

ಮಲ್ಟಿಮೀಟರ್. ಕಾರಿನ ಓಬಿಡಿ ಸಾಕೆಟ್ಟಿಗೆ (ಇಸಿಯುನ ಅಂಕಿ ಓದುವ ಜಾಗ) ಸಿಕ್ಕಿಸಿ ಫೋನಿಗೆ ಡೇಟಾ ಕಳಿಸುವ ಅಡಾಪ್ಟರ್. ವೈಡ್‌ಬ್ಯಾಂಡ್ ಓ2 ಸೆನ್ಸರ್ ಮತ್ತು ಅದರ ಗೇಜ್. ಸೈಲೆನ್ಸರ್ ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡಿ ಗಾಳಿ-ಪೆಟ್ರೋಲ್ ಮಿಶ್ರಣ ಎಷ್ಟಿದೆ ಅಂತ ಇದು ನಿಖರವಾಗಿ ಹೇಳುತ್ತೆ. ಕಾರಿನ ಜೊತೆ ಬಂದಿರುವ ಮಾಮೂಲಿ ಓ2 ಸೆನ್ಸರ್ ಬೂಸ್ಟ್‌ನಲ್ಲಿ ಕೆಲಸಕ್ಕೆ ಬರುವುದಿಲ್ಲ. ಈ ಗೇಜ್ ದುಬಾರಿ ಅಂತ ಬಿಟ್ಟು ಮುಂದೆ ಹೋಗುವವರಿದ್ದಾರೆ. ಇಂಜಿನ್ ಅದಕ್ಕಿಂತ ದುಬಾರಿ.

ಉಳಿದದ್ದು ಸಣ್ಣಪುಟ್ಟದ್ದು: ಸ್ಕ್ರೂ ಡ್ರೈವರ್, ಟಾರ್ಕ್ಸ್ ಬಿಟ್, ಒಳ್ಳೆ ಹೋಸ್ ಕ್ಲಿಪ್, ಮಾಫ್ ಕ್ಲೀನರ್ ಸ್ಪ್ರೇ, ಬೆಸುಗೆ ಸಾಮಾನು, ಶ್ರಿಂಕ್ ಟ್ಯೂಬ್.

1. ನಿಮ್ಮ ಕಾರಲ್ಲಿ ಮಾಫ್ ಇದೆಯಾ ನೋಡಿ

ನಗಬೇಡಿ. ಎಲ್ಲ ಕಾರಲ್ಲೂ ಇರುವುದಿಲ್ಲ. ನಮ್ಮ ಎಸ್ಟೇಟ್ ಕಡೆ ಎಲ್ಲರ ಪ್ರೀತಿಯ ಜಿಪ್ಸಿಯ ಎಂಪಿಎಫ್ಐ ಇಂಜಿನ್ ತಗೊಳ್ಳಿ. ಅದು ಗಾಳಿಯನ್ನು ತೂಗುವುದಿಲ್ಲ, ಇನ್‌ಟೇಕ್ ಒಳಗಿನ ಒತ್ತಡ ನೋಡಿ ಲೆಕ್ಕ ಹಾಕುತ್ತೆ. ಆ ಒತ್ತಡ ಅಳೆಯುವುದಕ್ಕೆ ಮ್ಯಾಪ್ ಸೆನ್ಸರ್ ಅನ್ನುತ್ತಾರೆ. ಇಸಿಯು ಮ್ಯಾಪ್ ಬೇರೆ, ಇದು ಬೇರೆ. ಅಂಥ ಕಾರಿಗೆ ಬೂಸ್ಟ್ ಕೊಟ್ಟರೆ ಬದಲಿಸಬೇಕಾದದ್ದು ಮ್ಯಾಪ್ ಸೆನ್ಸರ್. ಅದು ಬೇರೆಯೇ ಕಥೆ, ಇನ್ನೊಮ್ಮೆ ನೋಡೋಣ.

ಫಿಲ್ಟರ್ ಡಬ್ಬಿಯಿಂದ ಹೊರಡುವ ಕೊಳವೆ ಮೇಲೆ ನಾಲ್ಕೈದು ವೈರಿನ ಕನೆಕ್ಟರ್ ಕಂಡರೆ ಬಹುತೇಕ ಅದು ಮಾಫ್. ಓಬಿಡಿ ಆ್ಯಪ್‌ನಲ್ಲಿ ಗಾಳಿ ಎಷ್ಟು ಗ್ರಾಂ ಪ್ರತಿ ಸೆಕೆಂಡಿಗೆ ಅಂತ ತೋರಿಸಿದರೆ ಇನ್ನೂ ಗಟ್ಟಿ. ಆದರೂ ಕನೆಕ್ಟರ್ ಕಣ್ಣಾರೆ ನೋಡಿ. ಕೆಲವು ಇಸಿಯು ಒತ್ತಡದಿಂದಲೇ ಲೆಕ್ಕ ಕಟ್ಟಿ ಆ ಅಂಕಿ ತೋರಿಸುತ್ತವೆ.

2. ಹಳೇದು ನಿಜವಾಗಿಯೂ ಸಾಲುತ್ತಿಲ್ಲವಾ?

ಬೇಕಿಲ್ಲದವರೇ ಜಾಸ್ತಿ ಬದಲಿಸುವುದು. ಮೊದಲು ಹಳೇದನ್ನು ಸ್ವಚ್ಛ ಮಾಡಿ. ಕಾಫಿ ಕೊಯ್ಲಿನ ಸಮಯದಲ್ಲಿ ತೋಟದ ರಸ್ತೆಯ ಕೆಂಪು ಧೂಳು ಫಿಲ್ಟರ್ ದಾಟಿ ಆ ಪದರದ ಮೇಲೆ ಕೂರುತ್ತೆ. ಎಣ್ಣೆ ಹಚ್ಚುವ ನಮೂನೆಯ ಫಿಲ್ಟರ್ ಹಾಕಿದ್ದರಂತೂ ಎಣ್ಣೆಯೂ ಧೂಳೂ ಸೇರಿ ಅಂಟು. ಕೊಳೆ ಹಿಡಿದ ಸೆನ್ಸರ್ ಗಾಳಿಯನ್ನು ಕಡಿಮೆ ತೋರಿಸುತ್ತೆ, ಇಂಜಿನ್ ಲೀನ್ ಆಗುತ್ತೆ. ದೊಡ್ಡ ಸೆನ್ಸರ್ ಬೇಕು ಅಂತ ಬಂದ ಎಷ್ಟೋ ಕಾರಿಗೆ ಒಂದು ಡಬ್ಬಿ ಮಾಫ್ ಕ್ಲೀನರ್ ಸಾಕಾಗಿದೆ.

ಎಚ್ಚರಿಕೆ: ಕಾರ್ಬೊರೇಟರ್ ಕ್ಲೀನರ್ ಹೊಡೆಯಬೇಡಿ. ಕಂಪ್ರೆಸರ್ ಗಾಳಿ ಹಿಡಿಯಬೇಡಿ. ಬಟ್ಟೆಯಿಂದ, ಕಿವಿಕಡ್ಡಿಯಿಂದ ಒರೆಸಬೇಡಿ. ಸ್ಪ್ರೇ ಹೊಡೆದು ತಾನಾಗಿ ಒಣಗಲು ಬಿಡಿ, ಅಷ್ಟೇ.

ಆಮೇಲೆ ಲಾಗ್ ತೆಗೆಯಿರಿ. ಲಾಗ್ ಅಂದರೆ ಓಡಿಸುವಾಗಿನ ಅಂಕಿಗಳ ದಾಖಲೆ. ಆರ್‌ಪಿಎಂ ಏರುತ್ತಿದೆ, ಆಕ್ಸಿಲರೇಟರ್ ಪೂರ್ತಿ ಒತ್ತಿದೆ, ಆದರೆ ಗಾಳಿಯ ಗೆರೆ ಮಾತ್ರ ಒಂದು ಕಡೆ ಬಂದು ಸಪಾಟಾಗಿ ಮಲಗಿದೆ ಅಂದರೆ ಸೆನ್ಸರ್ ತುಂಬಿತು ಅಂತ ಅರ್ಥ. ಸಿಗ್ನಲ್ ವೈರಿಗೆ ಮಲ್ಟಿಮೀಟರ್ ಸಿಕ್ಕಿಸಿ ಗರಿಷ್ಠ ವೋಲ್ಟ್ ಹಿಡಿದುಕೊಳ್ಳುವ ಬಟನ್ ಒತ್ತಿಟ್ಟರೂ ಗೊತ್ತಾಗುತ್ತೆ. 4.5 ವೋಲ್ಟ್ ದಾಟುತ್ತಿದ್ದರೆ ಯೋಚಿಸಬೇಕು.

ಪೂರ್ತಿ ಒತ್ತಿ ಓಡಿಸುವ ಈ ಪರೀಕ್ಷೆಯನ್ನು ಕಡೂರು ರಸ್ತೆಯಲ್ಲೋ ಕೈಮರ ದಾಟಿ ಮುಳ್ಳಯ್ಯನಗಿರಿ ಏರಿನಲ್ಲೋ ಮಾಡಬೇಡಿ. ಡೈನೋ, ಅಂದರೆ ಚಕ್ರವನ್ನು ರೋಲರ್ ಮೇಲಿಟ್ಟು ಓಡಿಸುವ ಯಂತ್ರ ಬಾಡಿಗೆಗೆ ಸಿಗುತ್ತೆ. ಬೆಂಗಳೂರಿಗೆ ಹೋಗಬೇಕಾಗುತ್ತೆ, ಹೋಗಿ.

3. ಎಷ್ಟು ದೊಡ್ಡದು ಬೇಕು? ಇಲ್ಲೇ ನಮ್ಮವರು ಎಡವುವುದು

ಲೆಕ್ಕ ಸುಲಭ. 1.8 ಲೀಟರ್ ಇಂಜಿನ್, 6,500 ಆರ್‌ಪಿಎಂ ಅಂತಿಟ್ಟುಕೊಳ್ಳಿ. ಫೋರ್ ಸ್ಟ್ರೋಕ್ ಇಂಜಿನ್ ಎರಡು ಸುತ್ತಿಗೆ ಒಂದು ಸಲ ಪೂರ್ತಿ ಉಸಿರು ಎಳೆಯುತ್ತೆ. ಹಾಗಾಗಿ 1.8ನ್ನು 2ರಿಂದ ಭಾಗಿಸಿ 6,500ರಿಂದ ಗುಣಿಸಿ. ನಿಮಿಷಕ್ಕೆ 5,850 ಲೀಟರ್ ಗಾಳಿ. ಕರಾವಳಿಯ ಬಿಸಿ ಗಾಳಿ 1,000 ಲೀಟರಿಗೆ ಸುಮಾರು 1.15 ಕೆಜಿ ತೂಗುತ್ತೆ. ಸಿಲಿಂಡರ್ ಪೂರ್ತಿ ತುಂಬುವುದಿಲ್ಲವಾದ್ದರಿಂದ ಅದರಲ್ಲಿ ಶೇ 90 ಹಿಡಿಯಿರಿ. ಗಂಟೆಗೆ ಸುಮಾರು 363 ಕೆಜಿ ಆಯಿತು. ಇದು ಬೂಸ್ಟ್ ಇಲ್ಲದೆ.

ಈಗ ಸೂಪರ್‌ಚಾರ್ಜರ್ ಅರ್ಧ ಬಾರ್ ಬೂಸ್ಟ್ ಕೊಡುತ್ತೆ ಅಂದರೆ ಒತ್ತಡ ಒಂದೂವರೆ ಪಟ್ಟು. ಆದರೆ ಒತ್ತಿದ ಗಾಳಿ ಬಿಸಿಯಾಗುತ್ತೆ, ಹಿಗ್ಗುತ್ತೆ. ಇಂಟರ್‌ಕೂಲರ್ (ಆ ಗಾಳಿಯನ್ನು ತಣಿಸುವ ರೇಡಿಯೇಟರ್) ಇದ್ದರೂ ತೂಕ 1.4 ಪಟ್ಟು ಆದರೆ ಪುಣ್ಯ. 363ನ್ನು 1.4ರಿಂದ ಗುಣಿಸಿ: 508. ಗಂಟೆಗೆ 500 ಚಿಲ್ಲರೆ ಕೆಜಿ.

ಇಲ್ಲಿ ನಿಲ್ಲಿ. ನಾನು ಕರಾವಳಿಯ ಗಾಳಿ ಅಂದೆ, ಗಮನಿಸಿದಿರಾ? ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಹಾಸನವೂ ಸಾವಿರ ಮೀಟರಿಗೆ ಸ್ವಲ್ಪ ಕಡಿಮೆ. ಇಲ್ಲಿ ಗಾಳಿಯ ಒತ್ತಡ 890–900 ಮಿಲಿಬಾರ್ ಆಸುಪಾಸು. ಮಂಗಳೂರಲ್ಲಿ 1,010. ಅಲ್ಲಿನ ಸೆಕೆಯನ್ನು ಕಳೆದರೂ ಅಲ್ಲಿಯ ಗಾಳಿ ನಮ್ಮದಕ್ಕಿಂತ ಶೇ 10ರಿಂದ 12ರಷ್ಟು ಭಾರ. ಅಂದರೆ ಅದೇ ಇಂಜಿನ್, ಅದೇ ಪುಲ್ಲಿ, ಅದೇ ಆರ್‌ಪಿಎಂ, ಆದರೆ ಚಿಕ್ಕಮಗಳೂರಲ್ಲಿ ಗಂಟೆಗೆ 455 ಕೆಜಿ, ಮಂಗಳೂರಲ್ಲಿ 508.

ನಿಮ್ಮ ಸೆನ್ಸರ್ 480ಕ್ಕೆ ಮುಗಿಯುತ್ತೆ ಅಂದುಕೊಳ್ಳಿ. ಇಲ್ಲಿ ಎಷ್ಟು ಲಾಗ್ ತೆಗೆದರೂ ಎಲ್ಲ ಸರಿ. ಚಾರ್ಮಾಡಿ ಅಥವಾ ಶಿರಾಡಿ ಇಳಿದ ಮೇಲೆ ತಕ್ಕಡಿ ಮುಳ್ಳು ತುದಿಗೆ. ಮೇಲಿನ ಟಕಟಕ ಪ್ರಶ್ನೆಗೆ ಉತ್ತರ ಬಹುತೇಕ ಸಲ ಇದೇ. ನನಗೂ ಇದು ಪುಸ್ತಕದಿಂದ ಹೊಳೆದದ್ದಲ್ಲ. ನನ್ನದೇ ಕಾರನ್ನು ಮನೆ ಹತ್ತಿರ ಟ್ಯೂನ್ ಮಾಡಿಕೊಂಡು, ಬೀಗುತ್ತಾ ಕೊಟ್ಟಿಗೆಹಾರ ದಾಟಿ ಘಟ್ಟ ಇಳಿದೆ. ಉಜಿರೆ ದಾಟಿ ಲಾರಿ ಓವರ್‌ಟೇಕ್ ಮಾಡುವಾಗ ಡಬ್ಬಿಯೊಳಗೆ ಗೋಲಿ ಅಲ್ಲಾಡಿಸಿದ ಸದ್ದು. ಕಾಲು ತೆಗೆದೆ, ಇಂಜಿನ್ ಉಳಿಯಿತು.

ಹಾಗಾಗಿ ಯಾವಾಗಲೂ ಸಮುದ್ರಮಟ್ಟದ ಗಾಳಿಗೆ ಲೆಕ್ಕ ಹಾಕಿ, ಅದರ ಮೇಲೆ ಶೇ 20–25 ಜಾಗ ಬಿಡಿ. ನಮ್ಮ ಉದಾಹರಣೆಗೆ ಗಂಟೆಗೆ 610–635 ಕೆಜಿ ಅಳೆಯುವಂಥದ್ದು. ಅದಕ್ಕಿಂತ ತೀರಾ ದೊಡ್ಡದು ಬೇಡ. 1,000 ಕೆಜಿಯ ಸೆನ್ಸರ್ ಹಾಕಿದರೆ ಐಡಲ್‌ನಲ್ಲಿ (ಆಕ್ಸಿಲರೇಟರ್ ಮುಟ್ಟದೆ ಇಂಜಿನ್ ಸುಮ್ಮನೆ ಓಡುತ್ತಿರುವಾಗ) ಹಾದುಹೋಗುವ ಗಂಟೆಗೆ ಹತ್ತು ಕೆಜಿಯ ಗಾಳಿ ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಕಾರು ಟ್ರಾಫಿಕ್ ಸಿಗ್ನಲ್‌ನಲ್ಲಿ ನಿಂತಾಗ ಕುಲುಕುತ್ತೆ, ಆಫ್ ಆಗುತ್ತೆ.

4. ಸೆನ್ಸರ್ ಬದಲಿಸುವುದೋ, ಕೊಳವೆ ಬದಲಿಸುವುದೋ

ಎರಡು ದಾರಿ. ಒಂದು, ಹಳೇ ಸೆನ್ಸರ್ ತುಂಡನ್ನೇ ದೊಡ್ಡ ಕೊಳವೆಗೆ ಕೂರಿಸುವುದು. 70 ಮಿಲಿಮೀಟರ್ ಒಳವ್ಯಾಸದ ಕೊಳವೆಯಿಂದ 80ಕ್ಕೆ ಹೋದರೆ ಬಾಯಿಯ ವಿಸ್ತಾರ 1.3 ಪಟ್ಟು ಆಗುತ್ತೆ. 80ನ್ನು 80ರಿಂದ, 70ನ್ನು 70ರಿಂದ ಗುಣಿಸಿ ಭಾಗಿಸಿ ನೋಡಿ. ಅಂದರೆ 480ಕ್ಕೆ ಮುಗಿಯುತ್ತಿದ್ದದ್ದು ಈಗ ಸುಮಾರು 625ರವರೆಗೆ ಅಳೆಯುತ್ತೆ. ವೈರಿಂಗ್ ಬದಲಿಸುವ ಗೋಜಿಲ್ಲ. ಆದರೆ ಇದು ಅಂದಾಜು ಮಾತ್ರ. ಕೊಳವೆಯ ಆಕಾರ, ಸೆನ್ಸರ್ ಕೂತ ಆಳ ಎರಡೂ ಅಳತೆಯನ್ನು ತುಸು ಆಚೀಚೆ ಮಾಡುತ್ತವೆ.

ಇನ್ನೊಂದು, ಅದೇ ಕಂಪನಿಯ ದೊಡ್ಡ ಇಂಜಿನ್ನಿಗೆ ಬರುವ ಸೆನ್ಸರನ್ನು ಕೊಳವೆ ಸಮೇತ ತರುವುದು. ನನ್ನ ಓಟು ಇದಕ್ಕೆ. ಯಾವ ವೋಲ್ಟಿಗೆ ಎಷ್ಟು ಗಾಳಿ ಅನ್ನುವ ಪಟ್ಟಿ ಆ ಸೆನ್ಸರಿಗೆ ಸಿಗುತ್ತೆ. ಪಟ್ಟಿ ಸಿಗದ ಸೆನ್ಸರ್ ಎಷ್ಟು ಅಗ್ಗವಾದರೂ ಮುಟ್ಟಬೇಡಿ. ಗುಜರಿಯಲ್ಲಿ ಸಿಕ್ಕಿದ್ದನ್ನೂ, ಹೆಸರಾಂತ ಕಂಪನಿಯ ಡಬ್ಬಿಯಲ್ಲಿ ಬರುವ ನಕಲಿಯನ್ನೂ ಅಷ್ಟೇ.

ಮೂರನೇ ದಾರಿಯೊಂದನ್ನು ಮಾರುತ್ತಾರೆ. "ಮ್ಯಾಪ್ ತಿದ್ದುವುದೇ ಬೇಡ, ದೊಡ್ಡ ಇಂಜೆಕ್ಟರಿಗೆ (ಪೆಟ್ರೋಲ್ ಚಿಮ್ಮಿಸುವ ನಳಿಕೆಗೆ) ಹೊಂದಿಸಿದ ಮಾಫ್, ಸುಮ್ನೆ ಸಿಕ್ಕಿಸಿ" ಅಂತ. ಬೇಡ. ಅದು ಬೇಕಂತಲೇ ಗಾಳಿಯನ್ನು ಕಡಿಮೆ ತೋರಿಸುತ್ತೆ. ಪೆಟ್ರೋಲ್ ಹೇಗೋ ಸರಿಹೋಗುತ್ತೆ. ಆದರೆ ಇಸಿಯು ಕಿಡಿ ಯಾವಾಗ ಕೊಡಬೇಕು ಅಂತ ತೀರ್ಮಾನಿಸುವುದೂ ಅದೇ ಅಂಕಿಯಿಂದ. ಗಾಳಿ ಕಡಿಮೆ, ಇಂಜಿನ್ ಮೇಲೆ ಭಾರ ಇಲ್ಲ ಅಂದುಕೊಂಡು ಕಿಡಿಯನ್ನು ಮುಂಚೆಯೇ ಕೊಡುತ್ತೆ. ಬೂಸ್ಟ್‌ನಲ್ಲಿ ಬೇಗ ಕಿಡಿ ಕೊಟ್ಟರೆ ನಾಕಿಂಗ್, ಅಂದರೆ ಅದೇ ಟಕಟಕ. ಮ್ಯಾಪ್ ತಿದ್ದದೆ ದೊಡ್ಡ ಕೊಳವೆ ಹಾಕಿದರೂ ಇದೇ ಗತಿ, ಲೀನ್ ಬೇರೆ ಆಗುತ್ತೆ.

5. ಕೂರಿಸುವುದು

ಕೀ ತೆಗೆಯಿರಿ, ಬ್ಯಾಟರಿಯ ನೆಗೆಟಿವ್ ಕಳಚಿ. ಹಳೇ ಕಾರಾದರೆ ಸ್ಟೀರಿಯೊ ಕೋಡ್ ಮೊದಲೇ ಹುಡುಕಿಟ್ಟುಕೊಳ್ಳಿ.

ಸೆನ್ಸರ್ ಸೂಪರ್‌ಚಾರ್ಜರಿಗಿಂತ ಮುಂಚೆ ಇರಲಿ, ಫಿಲ್ಟರ್ ಕಡೆ. ಒತ್ತಿದ ಗಾಳಿಯ ಕಡೆ ಹಾಕಿದರೆ ಬಿಸಿಯೂ ಎಣ್ಣೆಯ ಪಸೆಯೂ ಅದಕ್ಕೆ ತಾಗುತ್ತೆ, ಬೂಸ್ಟಿಗೆ ಕೊಳವೆ ಕಳಚಿ ಹಾರುವುದೂ ಉಂಟು. ಕೊಳವೆ ಮೇಲೆ ಬಾಣದ ಗುರುತು ಇರುತ್ತೆ, ಅದು ಇಂಜಿನ್ ಕಡೆ ತಿರುಗಿರಬೇಕು. ತಿರುವಿನ ಪಕ್ಕದಲ್ಲೇ ಹಾಕಬೇಡಿ. ತಿರುವಿನಲ್ಲಿ ಗಾಳಿ ಒಂದು ಬದಿಗೆ ಒತ್ತಿಕೊಂಡು ಹೋಗುತ್ತೆ, ಅಳತೆ ಸುಳ್ಳಾಗುತ್ತೆ. ಬಾನೆಟ್ ಒಳಗೆ ಎಷ್ಟು ಸಿಗುತ್ತೋ ಅಷ್ಟು ನೇರ ಕೊಳವೆ ಕೊಡಿ. ಬಾಯಲ್ಲಿ ಜೇನುಗೂಡಿನಂಥ ಜಾಲರಿ ಇದ್ದರೆ ಗಾಳಿ ಜಾಸ್ತಿ ಹೋಗಲಿ ಅಂತ ಕಿತ್ತು ಬಿಸಾಡಬೇಡಿ. ಗಾಳಿಯನ್ನು ನೆಟ್ಟಗೆ ಮಾಡುವುದೇ ಅದು.

ಬೈಪಾಸ್ ವಾಲ್ವ್ ಹೋಸ್ ಎಲ್ಲಿಗೆ ಸೇರುತ್ತೆ ನೋಡಿ. ಆಕ್ಸಿಲರೇಟರ್ ಬಿಟ್ಟಾಗ ಹೆಚ್ಚಾದ ಗಾಳಿಯನ್ನು ವಾಪಸ್ ಕಳಿಸುವ ವಾಲ್ವ್ ಅದು. ಆ ಗಾಳಿಯನ್ನು ಮಾಫ್ ಆಗಲೇ ತೂಗಿ ಆಗಿದೆ. ಹಾಗಾಗಿ ಅದು ಮಾಫ್ ಮತ್ತು ಸೂಪರ್‌ಚಾರ್ಜರ್ ನಡುವೆಯೇ ಬಂದು ಸೇರಬೇಕು. ಶಿಳ್ಳೆ ಸದ್ದು ಚೆನ್ನಾಗಿರುತ್ತೆ ಅಂತ ಹೊರಗೆ ಬಿಟ್ಟರೆ ಇಲ್ಲದ ಗಾಳಿಗೆ ಪೆಟ್ರೋಲ್ ಬಿದ್ದು ಕಾರು ನಿಂತುಹೋಗುತ್ತೆ.

ವೈರಿಂಗ್‌ನಲ್ಲಿ ಬಣ್ಣ ನಂಬಬೇಡಿ. ಎರಡೂ ಸೆನ್ಸರಿನ ಪಿನ್ ಚಿತ್ರ ಎದುರಿಗಿಟ್ಟುಕೊಂಡು 12 ವೋಲ್ಟ್, ಅರ್ಥ್, ಸಿಗ್ನಲ್, ಗಾಳಿಯ ಉಷ್ಣತೆಯ ವೈರು ಯಾವುದು ಅಂತ ಮಲ್ಟಿಮೀಟರ್‌ನಲ್ಲಿ ಒಂದೊಂದಾಗಿ ಖಾತ್ರಿ ಮಾಡಿಕೊಳ್ಳಿ. ಸಿಗ್ನಲ್ ಪಿನ್ನಿಗೆ 12 ವೋಲ್ಟ್ ತಾಗಿದರೆ ಸೆನ್ಸರ್ ಜೊತೆಗೆ ಇಸಿಯುಗೂ ಪೆಟ್ಟು. ತಿರುಚಿ ಟೇಪ್ ಸುತ್ತುವ ಕೆಲಸ ನಮ್ಮ ಮಳೆಗಾಲಕ್ಕೆ ನಿಲ್ಲುವುದಿಲ್ಲ. ಜೂನ್ ತಿಂಗಳ ಮಂಜಿಗೇ ಜಂಗು ಹಿಡಿಯುತ್ತೆ. ಬೆಸುಗೆ ಹಾಕಿ ಶ್ರಿಂಕ್ ಟ್ಯೂಬ್ ಏರಿಸಿ.

ಮುಗಿದ ಮೇಲೆ ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ ಸಿಗ್ನಲ್ ನೋಡಿ. ಬಾಷ್ ಹಾಟ್‌ಫಿಲ್ಮ್ ನಮೂನೆಯಾದರೆ 1 ವೋಲ್ಟ್ ಆಸುಪಾಸು ಇರಬೇಕು.

6. ಇಸಿಯುಗೆ ಹೊಸ ಭಾಷೆ ಕಲಿಸುವುದು

ಮೊದಲು ಹೊಸ ಸೆನ್ಸರಿನ ವೋಲ್ಟ್-ಗಾಳಿ ಪಟ್ಟಿಯನ್ನು ಇಸಿಯುನಲ್ಲಿ ತುಂಬಿಸಿ. ಇದಿಲ್ಲದೆ ಸ್ಟಾರ್ಟ್ ಕೂಡ ಮಾಡಬೇಡಿ. ಪಟ್ಟಿ ಸರಿಯಿದ್ದರೆ 1.8 ಲೀಟರ್ ಇಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ ಸೆಕೆಂಡಿಗೆ 2ರಿಂದ 4 ಗ್ರಾಂ ತೋರಿಸುತ್ತೆ.

ಆಮೇಲೆ ನಿಧಾನಕ್ಕೆ ಓಡಿಸಿ ಫ್ಯುಯೆಲ್ ಟ್ರಿಮ್ ನೋಡಿ. ಟ್ರಿಮ್ ಅಂದರೆ ತನ್ನ ಲೆಕ್ಕ ತಪ್ಪಿದಾಗ ಇಸಿಯು ತಾನೇ ಸೇರಿಸುವ ಅಥವಾ ಕಳೆಯುವ ಪೆಟ್ರೋಲಿನ ಶೇಕಡಾ. ತಾತ್ಕಾಲಿಕ, ಕಾಯಂ ಅಂತ ಎರಡಿರುತ್ತೆ, ಎರಡನ್ನೂ ಕೂಡಿಸಿ. ಬೇಲೂರು–ಹಾಸನ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಾ ಯಾವ ವೋಲ್ಟಿನಲ್ಲಿ ಎಷ್ಟು ಟ್ರಿಮ್ ಅಂತ ಲಾಗ್ ಮಾಡಿ. 2.2 ವೋಲ್ಟಿನ ಹತ್ತಿರ ಟ್ರಿಮ್ +8 ಬಂದರೆ ಪಟ್ಟಿಯ ಆ ಮನೆಯನ್ನು ಶೇ 8 ಏರಿಸಿ. +5ರಿಂದ −5ರ ಒಳಗೆ ಬಂದರೆ ಸಾಕು, ಸೊನ್ನೆಗೇ ತರುತ್ತೇನೆ ಅಂತ ಹಠ ಬೇಡ. ಒಂದು ಮನೆ ಏರಿಸಿದಾಗ ಅಕ್ಕಪಕ್ಕದ್ದನ್ನೂ ಸ್ವಲ್ಪ ಏರಿಸಿ. ಗೆರೆ ನುಣ್ಣಗಿರಬೇಕು, ಮೆಟ್ಟಿಲಿನ ಹಾಗಲ್ಲ.

ಐಡಲ್‌ನಲ್ಲಿ ಟ್ರಿಮ್ ಜಾಸ್ತಿ, ಆರ್‌ಪಿಎಂ ಏರಿದಂತೆ ಕಡಿಮೆ ಆಗುತ್ತಿದೆ ಅಂದರೆ ಪಟ್ಟಿ ಮುಟ್ಟಬೇಡಿ. ಅದು ಮಾಫ್ ದಾಟಿದ ಮೇಲೆ ಎಲ್ಲೋ ಗಾಳಿ ಸೋರುತ್ತಿರುವ ಲಕ್ಷಣ. ಕ್ಲಿಪ್ ಬಿಗಿ ಮಾಡಿ. ಸೋರಿಕೆಯನ್ನು ಮ್ಯಾಪಿನಲ್ಲಿ ಮುಚ್ಚಿದರೆ ಮುಂದೆ ನೀವೇ ತಲೆ ಚಚ್ಚಿಕೊಳ್ಳುತ್ತೀರಿ.

ಬೂಸ್ಟ್‌ನಲ್ಲಿ ಟ್ರಿಮ್ ನಂಬುವ ಹಾಗಿಲ್ಲ, ಅಲ್ಲಿ ವೈಡ್‌ಬ್ಯಾಂಡೇ ಗತಿ. ಗೇಜನ್ನು ಲ್ಯಾಂಬ್ಡಾ ಅಳತೆಯಲ್ಲಿ ಇಡಿ. ಲ್ಯಾಂಬ್ಡಾ 1 ಅಂದರೆ ಗಾಳಿಗೆ ತಕ್ಕಷ್ಟೇ ಪೆಟ್ರೋಲ್, 1ಕ್ಕಿಂತ ಕಡಿಮೆ ಅಂದರೆ ಪೆಟ್ರೋಲ್ ಜಾಸ್ತಿ. 1 ಕೆಜಿ ಪೆಟ್ರೋಲಿಗೆ 14.7 ಕೆಜಿ ಗಾಳಿ ಅನ್ನುವ ಹಳೇ ಲೆಕ್ಕ ಶುದ್ಧ ಪೆಟ್ರೋಲಿನದು. ಶೇ 20 ಎಥನಾಲ್ ಬೆರೆತದ್ದಕ್ಕೆ ಅದು 13.5ರ ಹತ್ತಿರ ಇರುತ್ತೆ, ಆ ಗೊಂದಲವೇ ಬೇಡ.

ಡೈನೋ ಮೇಲೆ, ಕಿಡಿಯನ್ನು ಕೆಲವು ಡಿಗ್ರಿ ತಡ ಮಾಡಿಟ್ಟುಕೊಂಡು ಶುರುಮಾಡಿ. ಇಸಿಯು ಕೇಳಿದ್ದು 0.80, ಗೇಜ್ ತೋರಿಸಿದ್ದು 0.86 ಅಂದರೆ 0.86ನ್ನು 0.80ರಿಂದ ಭಾಗಿಸಿ. ಆ ವೋಲ್ಟಿನ ಮನೆಯನ್ನು ಶೇ 7.5 ಏರಿಸಿ. ಆದರೆ ಇಂಜೆಕ್ಟರ್ ಆಗಲೇ ಶೇ 85ಕ್ಕಿಂತ ಜಾಸ್ತಿ ಹೊತ್ತು ತೆರೆದಿರುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ. ತಪ್ಪು ಮಾಫ್‌ನದಲ್ಲ. ಪೆಟ್ರೋಲ್ ಕೊಡುವ ತಾಕತ್ತೇ ಇಲ್ಲ. ಇಂಜೆಕ್ಟರ್, ಪಂಪ್ ಎರಡನ್ನೂ ನೋಡಬೇಕು.

7. ಘಟ್ಟ ಇಳಿದು ನೋಡಿ

ಲ್ಯಾಪ್‌ಟಾಪ್ ಜೊತೆ ಇನ್ನೊಬ್ಬರು ಪಕ್ಕದಲ್ಲಿ ಕೂರಲಿ. ಚಾರ್ಮಾಡಿಯಲ್ಲಿ ಇಳಿಯುವಾಗ ಅಲ್ಲ, ಇಳಿದು ಮುಗಿದ ಮೇಲೆ, ಖಾಲಿ ರಸ್ತೆಯಲ್ಲಿ, ವೇಗದ ಮಿತಿಯೊಳಗೆ ಸ್ವಲ್ಪ ಸ್ವಲ್ಪ ಬೂಸ್ಟ್ ಕೊಟ್ಟು ಲಾಗ್ ತೆಗೆಯಿರಿ. ಅದೇ ಗೇರ್, ಅದೇ ಆರ್‌ಪಿಎಂನಲ್ಲಿ ಊರಲ್ಲಿ ಬಂದ ಗಾಳಿಗಿಂತ ಶೇ ಹತ್ತರಷ್ಟು ಜಾಸ್ತಿ ಕಾಣಬೇಕು. ಜಾಸ್ತಿ ಕಾಣದಿದ್ದರೆ ಎಲ್ಲೋ ತಪ್ಪಿದೆ ಅಂತ ಅರ್ಥ. ಗಾಳಿ ಏರಿದಷ್ಟೂ ಲ್ಯಾಂಬ್ಡಾ ಇಸಿಯು ಕೇಳಿದ ಜಾಗದಲ್ಲೇ ನಿಂತಿದ್ದರೆ ಕೆಲಸ ಸರಿಯಾಗಿದೆ. ಪೂರ್ತಿ ಒತ್ತುವ ಪರೀಕ್ಷೆ ಇಲ್ಲೂ ಡೈನೋಗೇ ಬಿಡಿ. ಬೆಂಗಳೂರೂ 900 ಮೀಟರ್ ಮೇಲಿದೆ, ಅಲ್ಲಿನ ಗರಿಷ್ಠ ವೋಲ್ಟ್ ನೋಡಿ ಕರಾವಳಿಗೆ ಜಾಗ ಉಳಿದಿದೆಯಾ ಅಂತ ಲೆಕ್ಕ ಹಾಕಿ.

ಚೆಕ್ ಇಂಜಿನ್ ಲೈಟ್ ಬಂದರೆ ಕೋಡ್ ಓದಿ. ಪಿ0102 ಅಂದರೆ ಮಾಫ್ ಸಿಗ್ನಲ್ ತೀರಾ ಕಡಿಮೆ, ಸಾಮಾನ್ಯವಾಗಿ ವೈರ್ ಕಥೆ. ಪಿ0103 ಅಂದರೆ ಸಿಗ್ನಲ್ ತೀರಾ ಜಾಸ್ತಿ. ಪಿ0101 ಅಂದರೆ ಅಂಕಿ ಬರುತ್ತಿದೆ ಆದರೆ ಇಸಿಯುಗೆ ನಂಬಿಕೆ ಬರುತ್ತಿಲ್ಲ, ಪಟ್ಟಿಯನ್ನೋ ಸೋರಿಕೆಯನ್ನೋ ಹುಡುಕಿ. ಪಿ0171 ಬಂದರೆ ಇಂಜಿನ್ ಲೀನ್ ಓಡುತ್ತಿದೆ.

ಕಾಗದಪತ್ರದ ಮಾತೂ ಒಂದಿದೆ. ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತೆ. ಸೂಪರ್‌ಚಾರ್ಜರ್ ಕಿಟ್ ಹೊರಗಿಂದ ಹಾಕಿಸಿದವರು ಆರ್‌ಟಿಓದಲ್ಲಿ ವಿಚಾರಿಸಿ, ವಿಮೆ ಕಂಪನಿಗೂ ತಿಳಿಸಿ.

ಕೊನೆಗೆ ಬಾನೆಟ್ ಒಳಗೆ ಒಂದು ಸ್ಟಿಕ್ಕರ್ ಅಂಟಿಸಿ. ಹೊಸ ಸೆನ್ಸರಿನ ಪಾರ್ಟ್ ನಂಬರ್, ಕೊಳವೆಯ ಒಳವ್ಯಾಸ, ಐಡಲ್‌ನಲ್ಲಿ ಎಷ್ಟು ಗ್ರಾಂ, ಘಟ್ಟದ ಕೆಳಗೆ ಎಷ್ಟು ವೋಲ್ಟ್ ಬಂತು, ಎಲ್ಲ ಅಳಿಸದ ಪೆನ್ನಿನಲ್ಲಿ ಬರೆದಿಡಿ. ಎರಡು ವರ್ಷ ಬಿಟ್ಟು ಯಾವುದೋ ಗ್ಯಾರೇಜಿನ ಹುಡುಗ ಕಾರಿನ ಮಾಡೆಲ್ ನೋಡಿ ಕಂಪನಿಯ ಹಳೇ ನಂಬರಿನ ಸೆನ್ಸರನ್ನೇ ತಂದು ಹಾಕಿಬಿಡುತ್ತಾನೆ.